ಬಲಗಡಿ ಸೀಟು

ಪುಣೆಯಿಂದ ಬಂದ ಕರಂದೀಕರ ಸಾಹೇಬರು
ಬಿಳಿ ಕೈಗವಸು ಹಾಕ್ಕೊಂಡು, ಬ್ಯಾಟರಿ ಹಿಡಕೊಂಡು
ಪ್ಯಾಕರ್ಡಿನ ಹೊಟ್ಟಿ ಕೆಳಗ ಮಲಗಿದರು.
ಶೆಡ್ಡಿನಾಗ ಅವರ ಬೂಟಷ್ಟೇ ಕಾಣತಿದ್ವು.
ಒಂದೊಂದ ಮಾತು ಹೊರಗ ಬರತಿತ್ತು:
ಇದು ಅಸಲ್. ಇದೂ ಅಸಲ್.
ಜೋಡಿ ಬಂದ ಹುಡುಗ ಬರಕೊಳ್ಳತಿದ್ದ.

ನಲವತ್ತೆಂಟರ ಗಾಡಿ.
ಎಂಟು ಸಿಲಿಂಡರು ಒಂದಽ ಸಾಲಿನಾಗ, ಪಂಕ್ತಿಗೆ ಕುಂತವರಂಗ.
ಮಳೀಗೆ ನೆಂದ ಎರಿಹೊಲ ಇರತದಲ್ಲ, ಅಂಥಾ ಕಪ್ಪು.
ಬಾನೆಟ್ಟಿನ ತುದಿಗೆ ರೆಕ್ಕಿ ಎತ್ತಿದ ಹಕ್ಕಿ.
ಸಾವಕಾರರು ಅದನ್ನ ಹಂಸ ಅಂದರು,
ಅವರ ಸೊಸಿ ಬಾತು ಅಂದಳು,
ನಮ್ಮಪ್ಪ ದಸ್ತಗೀರಸಾಬ ಅದರ ಕೊಕ್ಕು ಒರಸಿಕೋತ
"ಯಾವದರೆ ಇರಲಿ, ಮೀನ ತಿನ್ನೂ ಜಾತಿ" ಅಂದ.

ಅಕ್ಕಲಕೋಟಿಗೆ ಇದು ಹೆಂಗ ಬಂತು ಅಂತ
ನಾಕು ಕತಿ ಅದಾವ. ನಾಕೂ ಸುಳ್ಳು.
ಖರೇ ಏನಂದರ, ಸ್ಟೇರಿಂಗು ಎಡಕ್ಕಿತ್ತು.
ಅಮೇರಿಕಾದ ರಸ್ತಾ ಬ್ಯಾರೆ, ನಮ್ಮ ರಸ್ತಾ ಬ್ಯಾರೆ.
ಎಡಕ್ಕ ಕುಂತವಗ ಬೇಲಿ ಕಾಣತದ, ಬೇವಿನ ಗಿಡ ಕಾಣತದ,
ಗಟಾರದಾಗಿನ ಆಡೂ ಕಾಣತದ.
ಮುಂದ ಹೊಂಟ ಲಾರಿಯ ಆಚಿಂದ
ಏನು ಬರಾಕತ್ತದ, ಅದೊಂದು ಕಾಣೂದಿಲ್ಲ.

ಅದಕ್ಕ ನಾನು.
ಏಳು ವರ್ಷದ ಹುಡುಗಿ, ಎರಡು ಜಡಿ.
ಬಲಗಡಿ ಸೀಟಿನ ಮ್ಯಾಲ ಸೋಲಾಪುರ ಚಾದರ ನಾಕು ಮಡಿಕಿ ಇಟ್ಟು
ಅದರ ಮ್ಯಾಲ ನನ್ನ ಇಟ್ಟಿದ್ದರು.
ಹಿಂದ ಸಾವಕಾರರು ಪೇಪರ ಓದತಿದ್ದರು.
ಅಪ್ಪ ಈ ಕಡಿ ನೋಡದಽ ಕೇಳತಿದ್ದ: "ಮಾಬವ್ವಾ?"
"ಇರು," ಅಂತಿದ್ದೆ.
ಗಾಡಿ ಇರತಿತ್ತು.
"ಈಗ," ಅಂತಿದ್ದೆ.
ಎಂಟೂ ಸಿಲಿಂಡರು ಒಮ್ಮೆಲೇ ನನ್ನ ಮಾತ ಕೇಳತಿದ್ವು.
ವಳಸಂಗ, ಕುಂಭಾರಿ, ದೂರದಾಗ ಮಿಲ್ಲಿನ ಭೋಂಗಾ.
ಅಷ್ಟು ದೊಡ್ಡ ಗಾಡಿ
ನನ್ನ ಒಂದು ಶಬ್ದದ ಮ್ಯಾಲ ಹೋಗತಿತ್ತು, ಬರತಿತ್ತು.

ಒಂದು ಮಾತು ಯಾರಿಗೂ ಹೇಳಿಲ್ಲ.
ನಾ ಐದನೇ ಇಯತ್ತೆದಾಗ ಇದ್ದಾಗ
ಎಡಗಡೀದೂ ಅಪ್ಪ ನನ್ನಽ ಕೇಳಾಕ ಹತ್ತಿದ.
"ಅದು ಮನಷ್ಯಾನೋ, ಗಿಡಾನೋ?"
ಕಣ್ಣಿಗೆ ಪೊರಿ ಬಂದಿತ್ತು. ಪಗಾರ ಎಂಬತ್ತು ರೂಪಾಯಿ.
ಎರಡು ವರ್ಷ ಆ ಗಾಡಿ ನಾನಽ ನಡಿಸಿದೆ, ಬಾಯಿಲೆ.

ಸಾಹೇಬರು ಎದ್ದರು, ಮೈ ಝಾಡಿಸಿಕೊಂಡರು.
"ಇಷ್ಟು ವರ್ಷಾತು, ಒಂದು ಗೀರಿಲ್ಲ! ಡ್ರೈವರ್ ಯಾರಿದ್ದ?"
ಹೆಸರು ಹೇಳಿದೆ. ಒಂದಽ ಹೆಸರು.
ಹುಡುಗ ಬರಕೊಂಡ.
ಗಡಿಯಾರ ಅಸಲ್. ಸಿಗರೇಟ ಹಚ್ಚೂದು ಅಸಲ್.
ಬಲಗಡಿ ಬಾಗಿಲದ ಅಂಚಿನ್ಯಾಗ ಮಾತ್ರ
ಕ್ರೋಮು ಸವದು ತಾಮ್ರ ಕಂಡಿತ್ತು, ಪಾವಲಿಯಷ್ಟು.
"ಇದನ್ನ ಹೊಸದಾಗಿ ಹಾಕಿಸಬೇಕು," ಅಂದರು.
ನನ್ನ ಹೆಬ್ಬಟ್ಟು ಸೆರಗಿನಾಗ ಹೋಗಿ ಸೇರಕೊಂಡಿತು.

ಸಾವಕಾರರ ಮೊಮ್ಮಕ್ಕಳು ಮಾರಾವರು, ಇವರು ಕೊಳ್ಳಾವರು,
ನಾ ಶೆಡ್ಡಿನ ಕೀಲಿ ಇಟ್ಟಕೊಂಡಾಕಿ.
ಟ್ರಾಯಲ್ ನೋಡೂಣು ಅಂತ ಸಾಹೇಬರಽ ಕುಂತರು, ಎಡಕ್ಕ.
ಹುಡುಗ ಫೋಟೋ ತಗಿಯಾಕ ಗೇಟಿನ ಹೊರಗ ನಿಂತಿದ್ದ.
ಬಲಕ್ಕ ಯಾರೂ ಇದ್ದಿಲ್ಲ.
ಕೇಳಲಿಲ್ಲ, ಹೋಗಿ ಕುಂತೆ.
ಈಗ ಕಾಲು ನೆಲಕ್ಕ ಹತ್ತತಾವ.

ಸೋಲಾಪುರ ರಸ್ತಾದಾಗ ಮುಂದ ಕಬ್ಬಿನ ಟ್ರ್ಯಾಕ್ಟರು,
ಹಿಂದ ಎರಡು ಟ್ರೇಲರು, ಜೋರ ಹಾಡು,
ಸೋಗಿ ಹಾರಿ ಬಂದು ಹಕ್ಕಿಯ ಕೊರಳಿಗೆ ಸಿಕ್ಕೊಂಡಿತು.
ಸಾಹೇಬರು ಕತ್ತು ಉದ್ದ ಮಾಡಿದರು.
ಮತ್ತ ಒಳಗ ತಗೊಂಡರು.
ಮರಾಠಿಯೊಳಗ ಏನೋ ಅಂದರು, ತಮಗಽ ತಾವು.

"ಇರು," ಅಂದೆ.

ಅವರಿಗೆ ಕನ್ನಡ ಬರೂದಿಲ್ಲ.
ಅವರ ಕಾಲಿಗೆ ಬಂತು.
ಎದುರಿಂದ ಎಸ್‌ಟಿ ಬಸ್ಸು ಧೂಳ ಎಬ್ಬಿಸಿ ಹೋತು.
ಅದರ ಹಿಂದ ಒಂದು ಸೈಕಲ್ಲು, ಕ್ಯಾರಿಯರಿಗೆ ಹಾಲಿನ ಕ್ಯಾನು.

ಅದೂ ಹೋಗಲಿ ಅಂತ ಕಾದೆ.